ದ್ರಾಕ್ಷಿ ಹುಳಿಯಿದ್ದರೇ ಚೆಂದ

ನಾನು ಆಸ್ಟ್ರಿಯಾದಿಂದ ಮೈಸೂರಿಗೆ ಬಂದಿಳಿಯುವ ಮೊದಲೇ ನನ್ನ ಫೋಟೋ ಬಂದಿಳಿದಿತ್ತು. ವಾಟ್ಸಾಪಿಗೆ ಹಾಕಿದವಳು ಮಗಳು. ಮೈಸೂರು ಸಿಲ್ಕ್ ಸೀರೆ, ಅದರ ಮೇಲೊಂದು ಸ್ವೆಟರು, ಕೈಯಲ್ಲಿ ಗುಳ್ಳೆಯೇಳುತ್ತಿರುವ ಗಾಜಿನ ಲೋಟ. ಬೇರೆ ಯಾರಾದರೂ ಕೇಳಿದ್ದರೆ ಸೇಬಿನ ರಸ ಎಂದುಬಿಡುತ್ತಿದ್ದೆನೋ ಏನೋ. ಪಕ್ಕದ ಮನೆಯ ಅಕ್ಕನ ಹತ್ತಿರ ಅದು ನಡೆಯುವ ಮಾತಲ್ಲ. ಬೀದಿಗೆಲ್ಲ ಅಕ್ಕನಾದ ಅವರ ತೌರು ಚಿಕ್ಕಬಳ್ಳಾಪುರದ ಕಡೆ, ತಲೆಮಾರುಗಳಿಂದ ದ್ರಾಕ್ಷಿ ತೋಟದವರು. ನಮ್ಮಿಬ್ಬರ ಮನೆಗಳ ನಡುವಿನ ಕಾಂಪೌಂಡು ಮೊಣಕೈ ಊರಲೆಂದೇ ಕಟ್ಟಿಸಿದಷ್ಟು ಎತ್ತರವಿದೆ. ಹೂ ಬಿಡಿಸುವ ನೆಪದಲ್ಲಿ ಬಂದವರು ಬುಟ್ಟಿಯನ್ನು ಗೋಡೆಯ ಮೇಲಿಟ್ಟರು ಎಂದರೆ ಅರ್ಧ ಗಂಟೆಗೆ ಕಡಿಮೆಯಿಲ್ಲ.

"ಏನೇ, ಬಾಣಂತನ ಮಾಡೋಕೆ ಹೋದೋಳು ಷಾಂಪೇನ್ ಕುಡ್ಕೊಂಡು ಬಂದ್ಯಂತೆ?"

"ಷಾಂಪೇನ್ ಅಲ್ಲ ಅಕ್ಕ. ಹಾಗೆ ಅನ್ನಬೇಕಾದ್ರೆ ಅದು ಫ್ರಾನ್ಸಿನ ಷಾಂಪೇನ್ ಸೀಮೇಲೇ ಆಗಿರಬೇಕು. ಆಸ್ಟ್ರಿಯಾದವರು ಸೆಕ್ಟ್ ಅಂತಾರೆ."

"ಏನಾದ್ರೂ ಅನ್ಕೊಳ್ಳಿ. ಹೇಗಿತ್ತು ಅದನ್ನ ಹೇಳು."

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳಿಗೆ ಇಂಥ ಪ್ರಶ್ನೆ ಕೇಳುವವರು ಸಿಗುವುದೇ ಅಪರೂಪ. "ಹುಳಿ," ಎಂದೆ. "ಮೊದಲು ಹುಳಿ. ಹಸಿರು ಸೇಬು ಕಚ್ಚಿದ ಹಾಗೆ. ಆಮೇಲೆ ನಿಂಬೆ ಸಿಪ್ಪೆಯ ಘಮ, ಕೊನೆಯಲ್ಲಿ ಆಗ ತಾನೆ ಒಲೆಯಿಂದ ತೆಗೆದ ಬನ್ನಿನ ವಾಸನೆ. ಸಿಹಿ ಇತ್ತೇ ಅಂದ್ರೆ ಇಲ್ಲ ಅಂತಲೇ ಹೇಳಬೇಕು."

"ಹುಳಿ ಹೆಂಡಕ್ಕೆ ಅಷ್ಟೊಂದು ದುಡ್ಡು ಕೊಡ್ತಾರಾ?"

ಅಕ್ಕನ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಇಡೀ ಕಥೆಯ ಜುಟ್ಟು ಅಲ್ಲೇ ಇದೆ. ವಿಯೆನ್ನಾದಿಂದ ಉತ್ತರಕ್ಕೆ, ಜೆಕ್ ಗಡಿಯ ತನಕ ಹರಡಿರುವ ಸೀಮೆಗೆ ವೈನ್‌ಫಿಯರ್ಟೆಲ್ ಎಂದು ಹೆಸರು. ಅದರ ನಡುವೆ ಬ್ರನೋ ಊರಿಗೆ ಹೋಗುವ ಹಳೆಯ ಹೆದ್ದಾರಿ. ಆ ದಾರಿಯ ಆಚೀಚೆ ಬೆಳೆಯುವ ದ್ರಾಕ್ಷಿಯ ವೈನಿಗೆ ಆ ರಸ್ತೆಯ ಹೆಸರನ್ನೇ ಅಂಟಿಸಿ ವಿಯೆನ್ನಾದವರು ಬಹಳ ಕಾಲ ನಗೆಯಾಡುತ್ತಿದ್ದರು. ತೆಳು, ಹುಳಿ, ಹಲ್ಲು ಚುಳ್ಳೆನ್ನಿಸುವಂಥದ್ದು ಎಂದು. ಆದರೆ ಗುಳ್ಳೆಯ ವೈನು ಮಾಡುವವರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದದ್ದು ಅಲ್ಲಿಗೇ. ಪೋಯ್ಸ್‌ಡಾರ್ಫ್ ಎಂಬ ಪುಟ್ಟ ಊರಿನ ಸುತ್ತಮುತ್ತಲ ದ್ರಾಕ್ಷಿ ಇವತ್ತಿಗೂ ಸೆಕ್ಟ್‌ಗೆ ಹೇಳಿಮಾಡಿಸಿದ್ದೆಂದು ಹೆಸರುವಾಸಿ. ಕಾರಣ ಸರಳ. ಗುಳ್ಳೆ ಬರಿಸಲು ವೈನನ್ನು ಎರಡನೇ ಸಲ ಹುದುಗಿಸಬೇಕು. ಆಗ ಮದ್ಯದ ಅಂಶ ಇನ್ನೊಂದಷ್ಟು ಏರುತ್ತದೆ. ಆದ್ದರಿಂದ ಮೊದಲ ವೈನು ಹಗುರವಾಗಿರಬೇಕು, ಸಕ್ಕರೆ ತುಂಬಿಕೊಳ್ಳುವ ಮೊದಲೇ ಹಣ್ಣು ಕೀಳಬೇಕು. ಮೇಲಾಗಿ ವರ್ಷಗಟ್ಟಲೆ ಬಾಟಲಿಯಲ್ಲಿ ಮಲಗಿದರೂ ಕೆಡದೆ ಚುರುಕಾಗಿ ಉಳಿಯಬೇಕಾದರೆ ಹುಳಿಯೇ ಅದಕ್ಕೆ ಬೆನ್ನೆಲುಬು.

"ನಮ್ಮಣ್ಣ ಅದನ್ನೇ ಹೇಳ್ತಿದ್ದ," ಅಕ್ಕ ಹೂಬುಟ್ಟಿಯನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದರು. "ಬಿಸಿಲು ಜಾಸ್ತಿ ಆದ್ರೆ ಹಣ್ಣಲ್ಲಿ ಸಿಹಿ ಬರುತ್ತೆ, ಹುಳಿ ಓಡಿಹೋಗುತ್ತೆ ಅಂತ."

ಚಿಕ್ಕಬಳ್ಳಾಪುರದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದನ್ನು ಅಕ್ಕ ಇವತ್ತಿಗೂ ತಮ್ಮ ಮನೆಯ ಮದುವೆಯ ಸಂಗತಿಯಂತೆ ಹೇಳುತ್ತಾರೆ. ಅಲ್ಲಿ ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಆಸ್ಟ್ರಿಯಾದಲ್ಲಿ ಚಳಿಗಾಲವಿಡೀ ಅದು ಒಣಕಲು ಕಡ್ಡಿ. ವರ್ಷಕ್ಕೊಂದೇ ಬೆಳೆ, ಅದೂ ವಸಂತದಲ್ಲಿ ಮಂಜು ಬಿದ್ದು ಚಿಗುರು ಸುಡದಿದ್ದರೆ.

ನಾನು ಇದ್ದದ್ದು ಡ್ಯಾನ್ಯೂಬ್ ನದಿಯ ದಡದ ಕ್ರೆಮ್ಸ್‌ನಲ್ಲಿ, ಅಳಿಯನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ. ಪಕ್ಕದಲ್ಲೇ ಕಾಂಪ್ ಎಂಬ ಸಣ್ಣ ನದಿಯ ಕಣಿವೆ, ಕಾಂಪ್‌ಟಾಲ್. ಕಣಿವೆಯ ದೊಡ್ಡ ಊರು ಲಾಂಗನ್‌ಲೋಯ್ಸ್. ಹಗಲು ಪೂರ್ವದ ಹಂಗೇರಿಯ ಬಯಲಿನಿಂದ ಬಿಸಿಗಾಳಿ, ರಾತ್ರಿ ವಾಯವ್ಯದ ಕಾಡುಗಳಿಂದ ತಂಗಾಳಿ. ಹಗಲಿನಲ್ಲಿ ಹಣ್ಣಿನ ಘಮ ಮಾಗುತ್ತದೆ, ರಾತ್ರಿಯ ಚಳಿ ಹುಳಿಯನ್ನು ಕಾಯುತ್ತದೆ. ಮಣ್ಣೂ ವಿಚಿತ್ರ. ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಸುರಿದ ಹಳದಿ ಹುಡಿ, ಲೋಯೆಸ್ ಎನ್ನುತ್ತಾರೆ. ಕೈಯಲ್ಲಿ ಉಜ್ಜಿದರೆ ಪೌಡರು, ಆದರೆ ನೆಟ್ಟಗೆ ಕಡಿದರೆ ಗೋಡೆಯಂತೆ ನಿಲ್ಲುತ್ತದೆ. ಅದಕ್ಕೇ ಅಲ್ಲಿನವರು ಊರ ಹೊರಗಿನ ಗುಡ್ಡ ಕೊರೆದು ಓಣಿಯುದ್ದಕ್ಕೂ ಸುರಂಗದ ಉಗ್ರಾಣ ಮಾಡಿಕೊಂಡಿದ್ದಾರೆ. ಮುಂದೆ ನೋಡಿದರೆ ಸಾಲಾಗಿ ಪುಟ್ಟ ಪುಟ್ಟ ಮನೆ, ಒಂದಕ್ಕೂ ಹೊಗೆಗೂಡಿಲ್ಲ. ಮನುಷ್ಯರು ವಾಸಿಸದ ಬೀದಿ ಅದು, ವೈನು ವಾಸಿಸುವ ಬೀದಿ.

ಅಲ್ಲಿ ಬೆಳೆಯುವ ದ್ರಾಕ್ಷಿಯಲ್ಲಿ ಮುಖ್ಯವಾದದ್ದು ಗ್ರೂನರ್ ಫೆಲ್ಟ್‌ಲೀನರ್. ಆಸ್ಟ್ರಿಯಾದ ದ್ರಾಕ್ಷಿ ತೋಟಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ. ಹಸಿರು ಹಣ್ಣು, ವೈನಿನಲ್ಲಿ ತುಸು ಕರಿಮೆಣಸಿನ ಖಾರ. ಸೆಕ್ಟ್‌ಗೆ ಇದರ ಜೊತೆ ವೆಲ್ಶ್‌ರೀಸ್ಲಿಂಗ್, ಷಾರ್ಡೊನೆ, ಪಿನೋ ಜಾತಿಯವು, ರೀಸ್ಲಿಂಗ್, ಗುಲಾಬಿ ಬಣ್ಣದ್ದಕ್ಕೆ ಟ್ಸ್ವೈಗೆಲ್ಟ್. ಈ ಕೊನೆಯದು 1922ರಲ್ಲಿ ವಿಯೆನ್ನಾ ಪಕ್ಕದ ಕ್ಲೋಸ್ಟರ್‌ನೋಯ್‌ಬುರ್ಗ್ ವೈನ್ ಶಾಲೆಯಲ್ಲಿ ಎರಡು ಕಪ್ಪು ದ್ರಾಕ್ಷಿಗಳನ್ನು ಸಂಕರ ಮಾಡಿ ಹುಟ್ಟಿಸಿದ ತಳಿ. ಹುಟ್ಟಿಸಿದವನು ಫ್ರಿಟ್ಸ್ ಟ್ಸ್ವೈಗೆಲ್ಟ್, ಆಮೇಲೆ ನಾತ್ಸಿ ಪಕ್ಷ ಸೇರಿದ ಮಹಾಶಯ. ಅವನ ಹೆಸರನ್ನು ದ್ರಾಕ್ಷಿಗೆ ಉಳಿಸಬೇಕೇ ಬೇಡವೇ ಎಂದು ಅಲ್ಲಿ ಈಗಲೂ ಜಗಳ. ಹೆಸರು ತೆಗೆಯಲಿ ಎಂದೇ ನನ್ನ ಮತ, ದ್ರಾಕ್ಷಿಗೇನೂ ಬೇಜಾರಾಗುವುದಿಲ್ಲ.

"ಅಲ್ಲ ಕಣೇ, ಈ ಗುಳ್ಳೆ ಬರೋದು ಹೇಗೆ? ಸೋಡಾ ಮಿಷನ್ ಇಟ್ಟು ಗ್ಯಾಸು ತುಂಬ್ತಾರಾ?"

ಒಳ್ಳೆಯ ಪ್ರಶ್ನೆ. ಗೋಲಿ ಸೋಡಾಗೆ ಗ್ಯಾಸು ಹೊರಗಿನಿಂದ ಬರುತ್ತದೆ, ಬಾಯಿಯಲ್ಲಿ ಒರಟಾಗಿ ಕುಟ್ಟಿ ನಿಮಿಷದಲ್ಲೇ ಹಾರಿಹೋಗುತ್ತದೆ. ಹಾಗೆ ಗ್ಯಾಸು ತುಂಬಿದ ವೈನೂ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಾಗೆಂದು ಬಾಟಲಿಯ ಮೇಲೆ ಬರೆದಿರಲೇಬೇಕೆಂದು ಯುರೋಪಿನ ಕಾನೂನು. ಒಳ್ಳೆಯ ಸೆಕ್ಟ್‌ನ ಗ್ಯಾಸು ಬಾಟಲಿಯೊಳಗೇ ಹುಟ್ಟಿ ಬೆಳೆದದ್ದು. ತಯಾರಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟು ಬೆರೆಸಿ ದಪ್ಪ ಗಾಜಿನ ಬಾಟಲಿಗೆ ತುಂಬಿ, ಬಿಯರ್ ಬಾಟಲಿಗೆ ಹಾಕುವಂಥ ತಗಡಿನ ಬಿರಡೆ ಬಡಿಯುತ್ತಾರೆ. ಯೀಸ್ಟು ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದೆ ಅದು ವೈನಿನಲ್ಲೇ ಕರಗುತ್ತದೆ. 4 ಗ್ರಾಂ ಸಕ್ಕರೆಗೆ ಹತ್ತಿರ ಹತ್ತಿರ 1 ಬಾರ್ ಒತ್ತಡದ ಲೆಕ್ಕ. ಅಂದರೆ 24ಕ್ಕೆ 6 ಬಾರ್. ಕಾರಿನ ಟೈರಿನಲ್ಲಿರುವುದು ಎರಡೂವರೆ.

"ಅಯ್ಯೋ ಶಿವನೇ, ಸಿಡಿಯಲ್ವಾ?"

ಹಿಂದೆ ಸಿಡಿಯುತ್ತಿತ್ತು. ಗಾಜು ಗಟ್ಟಿಯಿಲ್ಲದ ಕಾಲದಲ್ಲಿ ಒಂದು ಬಾಟಲಿ ಸಿಡಿದರೆ ಪಕ್ಕದವೂ ಸಾಲುಸಾಲಾಗಿ ಸಿಡಿಯುತ್ತಿದ್ದವು. ಕೆಲಸದವರು ಕಬ್ಬಿಣದ ಮುಖವಾಡ ಹಾಕಿಕೊಂಡು ಉಗ್ರಾಣಕ್ಕಿಳಿಯುತ್ತಿದ್ದರು.

ಗುಳ್ಳೆಯೇನೋ ಕೆಲವು ವಾರಗಳಲ್ಲಿ ಸಿದ್ಧ. ಅಸಲು ಸಂಗತಿ ಶುರುವಾಗುವುದು ಆಮೇಲೆ. ಸಕ್ಕರೆ ಮುಗಿದ ಮೇಲೆ ಯೀಸ್ಟು ಸತ್ತು ಬಾಟಲಿಯ ಪಕ್ಕೆಗೆ ಗಸಿಯಾಗಿ ಕೂರುತ್ತದೆ. ಅದರ ಜೀವಕೋಶಗಳು ನಿಧಾನಕ್ಕೆ ಒಡೆದು ಅಮೈನೋ ಆಮ್ಲಗಳೂ ಸಕ್ಕರೆ ಬೆರೆತ ಪ್ರೋಟೀನುಗಳೂ ವೈನಿಗೆ ಇಳಿಯುತ್ತವೆ. ನಾನು ಹೇಳಿದೆನಲ್ಲ, ಬನ್ನಿನ ವಾಸನೆ, ಅದು ಇಲ್ಲಿಂದ. ಗುಳ್ಳೆ ಸಣ್ಣದಾಗಿ, ನೊರೆ ನುಣುಪಾಗಿ, ಬಾಯಿಯಲ್ಲಿ ಕೆನೆಯಂತೆ ಕೂರುವುದೂ ಇದರಿಂದಲೇ. ಇದಕ್ಕೆ ಅಡ್ಡದಾರಿ ಇಲ್ಲ. ವರ್ಷಗಳನ್ನೇ ಕೊಡಬೇಕು, ಬಂಡವಾಳವನ್ನು ಕತ್ತಲಲ್ಲಿ ಮಲಗಿಸಿ ಸುಮ್ಮನಿರಬೇಕು.

"ಮತ್ತೆ ಆ ಗಸಿ? ಲೋಟಕ್ಕೆ ಬರಲ್ವಾ?"

ಅದನ್ನು ತೆಗೆಯುವ ಉಪಾಯ ಕಂಡುಕೊಂಡದ್ದು ಒಬ್ಬ ಹೆಣ್ಣುಮಗಳ ಉಗ್ರಾಣದಲ್ಲಿ. ಫ್ರಾನ್ಸಿನ ರೀಮ್ಸ್‌ನ ಬಾರ್ಬ್-ನಿಕೋಲ್ ಕ್ಲಿಕೊ. 1805ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ 27 ವರ್ಷ, ಜೊತೆಗೊಂದು ಪುಟ್ಟ ಮಗಳು. ಮಾವನನ್ನು ಒಪ್ಪಿಸಿ ವ್ಯಾಪಾರ ತಾನೇ ವಹಿಸಿಕೊಂಡಳು. ಮರದ ಹಲಗೆಗೆ ತೂತು ಕೊರೆದು ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಬಂದರೆ ಗಸಿಯೆಲ್ಲ ಜಾರಿ ಕತ್ತಿನಲ್ಲಿ ಸೇರುತ್ತದೆ. ಈಗ ಆ ಕತ್ತನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಉಪ್ಪುನೀರಿನಂಥ ದ್ರಾವಣದಲ್ಲಿ ಮುಳುಗಿಸುತ್ತಾರೆ. ಗಸಿ ಮಂಜಿನ ಗುಂಡಾಗುತ್ತದೆ. ಬಿರಡೆ ತೆಗೆದೊಡನೆ ಒಳಗಿನ ಒತ್ತಡಕ್ಕೆ ಅದು ಟಪ್ಪನೆ ಹಾರಿಬೀಳುತ್ತದೆ. ಖಾಲಿಯಾದಷ್ಟು ಜಾಗಕ್ಕೆ ವೈನು, ಬೇಕಿದ್ದರೆ ಚೂರು ಸಕ್ಕರೆ, ಆಮೇಲೆ ನಿಜವಾದ ಕಾರ್ಕು. ಲಾಂಗನ್‌ಲೋಯ್ಸ್‌ನಲ್ಲಿ ಒಬ್ಬ ತೋಟದವರು ನನ್ನ ಕಣ್ಣೆದುರೇ ಬಾಟಲಿ ಬೆಳಕಿಗೆ ಹಿಡಿದು ಇದನ್ನೆಲ್ಲ ಮಾಡಿ ತೋರಿಸಿದರು. ದೊಡ್ಡ ಕಂಪನಿಗಳಲ್ಲಿ ಈಗ ತಿರುಗಿಸುವ ಕೆಲಸ ಪಂಜರದಂಥ ಯಂತ್ರದ್ದು, ವಾರದೊಳಗೆ ಮುಗಿಯುತ್ತದೆ. ಕೈಯಲ್ಲಿ ತಿರುಗಿಸಿದ್ದೇ ರುಚಿ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಗಸಿಗೆ ತನ್ನನ್ನು ತಿರುಗಿಸಿದ್ದು ಯಾರೆಂದು ಹೇಗೆ ಗೊತ್ತಾಗಬೇಕು?

ವಿಧವೆ ಕಂಪನಿ ನಡೆಸಿದ್ದು ಅಕ್ಕನಿಗೆ ಬಹಳ ಹಿಡಿಸಿತು. "ಮಾವ ಒಪ್ಪಿದ್ದೇ ದೊಡ್ಡದು," ಎಂದು ಎರಡು ಸಲ ಹೇಳಿದರು. ಹೆಣ್ಣಿನಿಂದಲೇ ಈ ವಿದ್ಯೆ ಆಸ್ಟ್ರಿಯಾಕ್ಕೂ ಬಂತು ಅಂದಾಗ ಗೋಡೆಗೆ ಇನ್ನೊಂದು ಮೊಣಕೈಯೂ ಬಂತು.

ರಾಬರ್ಟ್ ಶ್ಲುಂಬರ್ಗರ್ ಎಂಬವನು 1814ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿ, ರೀಮ್ಸ್‌ಗೆ ಹೋಗಿ ರೂಯಿನಾರ್ ಎಂಬ ಹಳೆಯ ಷಾಂಪೇನ್ ಮನೆಯಲ್ಲಿ ಕೆಲಸಕ್ಕೆ ಸೇರಿ ಮೇಲೇರಿದ. ರೈನ್ ನದಿಯ ಹಡಗಿನ ಪ್ರಯಾಣದಲ್ಲಿ ವಿಯೆನ್ನಾದ ಸೋಫಿ ಕಿರ್ಷ್ನರ್ ಕಣ್ಣಿಗೆ ಬಿದ್ದಳು. ಮದುವೆಗೆ ಹೆಣ್ಣಿನ ಮನೆಯವರು ಒಪ್ಪಿದರು, ಮಗಳನ್ನು ಅಷ್ಟು ದೂರ ಕಳಿಸಲು ಒಪ್ಪಲಿಲ್ಲ. ಸರಿ, ಕೈತುಂಬ ಸಂಬಳದ ಕೆಲಸ ಬಿಟ್ಟು ಹುಡುಗನೇ ವಿಯೆನ್ನಾಕ್ಕೆ ಬಂದ.

"ಮನೆ ಅಳಿಯ ಅನ್ನು!"

ಅಳಿಯನೇ, ಆದರೆ ಕೂತು ಉಣ್ಣಲಿಲ್ಲ. 1842ರಲ್ಲಿ ವಿಯೆನ್ನಾದ ದಕ್ಷಿಣಕ್ಕಿರುವ ಫೋಸ್ಲಾವ್‌ನಲ್ಲಿ ಕೆಲಸ ಶುರುಮಾಡಿ, ಅಲ್ಲಿನ ದ್ರಾಕ್ಷಿಗೆ ರೀಮ್ಸ್‌ನ ವಿದ್ಯೆ ಜೋಡಿಸಿದ. 1862ರ ಲಂಡನ್ ವಿಶ್ವ ಪ್ರದರ್ಶನದ ಹೊತ್ತಿಗೆ ಅವನ ಗುಳ್ಳೆ ವೈನು ವಿಕ್ಟೋರಿಯಾ ರಾಣಿಯ ಅರಮನೆಗೂ ಹೋಯಿತು. ಆಸ್ಟ್ರಿಯಾದ ಚಕ್ರವರ್ತಿಗಳ ಆಸ್ಥಾನಕ್ಕೂ ಅವನೇ ಸರಬರಾಜುದಾರ. ಅವನ ಹೆಸರಿನ ಕಂಪನಿ ವಿಯೆನ್ನಾದಲ್ಲಿ ಇವತ್ತಿಗೂ ಇದೆ. ಹೈಲಿಗನ್‌ಸ್ಟಾಟ್ ಬಡಾವಣೆಯ ನೆಲದಡಿಯ ಉಗ್ರಾಣಗಳನ್ನು ಟಿಕೆಟ್ಟು ಕೊಂಡು ನೋಡಬಹುದು. ಫೋಸ್ಲಾವ್ ಊರಿಗೆ ಇನ್ನೊಂದು ಕೀರ್ತಿ, ಆಸ್ಟ್ರಿಯಾದ ಮನೆಮನೆಯಲ್ಲಿ ಕುಡಿಯುವ ಗುಳ್ಳೆ ನೀರೂ ಅಲ್ಲಿಯದೇ. ಒಟ್ಟಿನಲ್ಲಿ ಆ ಊರಿಗೆ ಗುಳ್ಳೆಯ ಯೋಗ.

ಶ್ಲುಂಬರ್ಗರ್ ಆದಮೇಲೆ ಬಹಳ ಕಾಲ ಸೆಕ್ಟ್ ಎಂದರೆ ವಿಯೆನ್ನಾದ ದೊಡ್ಡ ದೊಡ್ಡ ಕಂಪನಿಗಳದ್ದೇ ಆಟ. ರೈತ ಹುಳಿ ವೈನು ಮಾರುತ್ತಿದ್ದ, ಕಂಪನಿ ಅದಕ್ಕೆ ಗುಳ್ಳೆ ಬರಿಸುತ್ತಿತ್ತು. ತೋಟದವರೇ ತಮ್ಮ ಹೆಸರಿನಲ್ಲಿ ಮಾಡಹೊರಟದ್ದು ತೀರ ಈಚೆಗೆ. ಕ್ರೆಮ್ಸ್ ಎದುರಿನ ದಡದಲ್ಲಿ, ಗೋಟ್‌ವೈಗ್ ಮಠದ ಬೆಟ್ಟದ ಕೆಳಗಿರುವ ಮಾಲಟ್ ಮನೆಯವರು 1976ರಲ್ಲಿ ಆ ದಾರಿ ತೆಗೆದರು. ಲಾಂಗನ್‌ಲೋಯ್ಸ್‌ನ ಬ್ರೂಂಡ್ಲ್‌ಮಾಯರ್, ಸ್ಟೈನಿಂಗರ್ ಕುಟುಂಬಗಳು 1980ರ ದಶಕದ ಕೊನೆಗೆ ಸೇರಿಕೊಂಡವು. ಪಕ್ಕದ ಗೋಬೆಲ್ಸ್‌ಬುರ್ಗ್ ಕೋಟೆ ಟ್ಸ್ವೆಟ್ಲ್ ಮಠದ ಆಸ್ತಿ. ಆ ಸನ್ಯಾಸಿಗಳ ದ್ರಾಕ್ಷಿ ಕೃಷಿಯ ದಾಖಲೆ 1171ರಿಂದ ಇದೆ. 1996ರಿಂದ ಅದನ್ನು ನಡೆಸುತ್ತಿರುವ ಮಿಖಾಯೆಲ್ ಮೋಸ್‌ಬ್ರುಗರ್ ಅಲ್ಲಿನ ಸೆಕ್ಟ್‌ಗೆ ದೊಡ್ಡ ಹೆಸರು ತಂದಿದ್ದಾರೆ. ಬುರ್ಗೆನ್‌ಲಾಂಡ್‌ನ ಗೋಲ್ಸ್ ಊರಿನ ಸಿಗೆಟಿಯವರದು ಇನ್ನೊಂದು ಬಗೆ. ಅವರ ಗ್ರೂನರ್ ಫೆಲ್ಟ್‌ಲೀನರ್ ಸೆಕ್ಟ್‌ನಲ್ಲಿ ಆ ಮೆಣಸಿನ ಖಾರ ಗುಳ್ಳೆಯ ಜೊತೆಗೇ ಮೂಗಿಗೆ ಬರುತ್ತದೆ.

"ಇಷ್ಟೆಲ್ಲ ಇದ್ದೂ ಯಾರಿಗೂ ಗೊತ್ತಿಲ್ಲವಲ್ಲ?" ಎಂದರು ಅಕ್ಕ.

ಒಂದು ಕಾರಣ, ಮಾಡಿದ್ದರಲ್ಲಿ ಹೆಚ್ಚಿನ ಪಾಲು ಅಲ್ಲಿಯವರೇ ಕುಡಿದು ಮುಗಿಸುತ್ತಾರೆ. ಇನ್ನೊಂದು, 1985. ಆಗ ನಾನು ಹೊಸದಾಗಿ ಪಾಠ ಹೇಳಲು ಸೇರಿದವಳು. ಕೆಲವು ವ್ಯಾಪಾರಿಗಳು ತೆಳು ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಬೆರೆಸಿ, ತಡವಾಗಿ ಕಿತ್ತ ಸಿಹಿ ದ್ರಾಕ್ಷಿಯದೆಂದು ಜರ್ಮನಿಗೆ ಮಾರಿ ಸಿಕ್ಕಿಬಿದ್ದರು. ಪತ್ರಿಕೆಗಳೆಲ್ಲ ಅದನ್ನು ಕಾರಿನ ರೇಡಿಯೇಟರಿಗೆ ಹಾಕುವ ದ್ರವ ಎಂದವು. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಎಥಿಲೀನ್ ಗ್ಲೈಕಾಲ್, ಇದು ಅದರ ದಾಯಾದಿ. ದಾಯಾದಿಯೂ ವಿಷವೇ ಎನ್ನುವುದು ಬೇರೆ ಮಾತು. ಆಸ್ಟ್ರಿಯಾದ ವೈನ್ ರಫ್ತು ಹತ್ತರಲ್ಲಿ ಒಂದು ಪಾಲಿಗೆ ಕುಸಿಯಿತು. ತಪ್ಪು ಮಾಡಿದವರು ಕೆಲವರು, ಅನುಭವಿಸಿದ್ದು ಬೆಳೆಗಾರರೆಲ್ಲ. ಅದೇ ವರ್ಷ ಸಂಸತ್ತು ಬಹಳ ಬಿಗಿಯಾದ ವೈನ್ ಕಾನೂನು ಮಾಡಿತು. ಮರುವರ್ಷ ವೈನ್ ಪ್ರಚಾರಕ್ಕೆಂದೇ ಮಂಡಳಿಯೊಂದು ಹುಟ್ಟಿತು. ಈಗ ಅಲ್ಲಿನ ಒಳ್ಳೆಯ ವೈನಿನ ಬಾಟಲಿಯ ತಲೆಯ ಮೇಲೆ ಕೆಂಪು-ಬಿಳಿ-ಕೆಂಪು ಪಟ್ಟಿ ಕಾಣುವುದು ಆ ಬಿಸಿ ತಾಕಿದ ಮೇಲಿನ ಎಚ್ಚರ. ಅವಮಾನವಾಗದೇ ಇದ್ದಿದ್ದರೆ ಈಗಿನ ಗುಣಮಟ್ಟ ಬರುತ್ತಿತ್ತೇ ಎಂಬ ಅನುಮಾನ ನನಗೆ.

ಆ ಬಿಗಿ ಸೆಕ್ಟ್‌ಗೆ ಬಂದದ್ದು ಬಹಳ ತಡವಾಗಿ, 2015ರ ಆಸುಪಾಸಿಗೆ. ಮೂರು ಮೆಟ್ಟಿಲು ಮಾಡಿದರು. ಕೆಳಗಿನದರಲ್ಲಿ ಗಸಿಯ ಜೊತೆ ಕನಿಷ್ಠ 9 ತಿಂಗಳು ಇರಬೇಕು. ಮೇಲಿನದು ರಿಸರ್ವ್: ಹಣ್ಣು ಕೈಯಲ್ಲೇ ಕೀಳಬೇಕು, ಬಾಟಲಿಯಲ್ಲೇ ಹುದುಗಬೇಕು, ಗಸಿಯೊಡನೆ 18 ತಿಂಗಳು. ತುತ್ತತುದಿಯದು ಗ್ರೋಸೆ ರಿಸರ್ವ್: ದ್ರಾಕ್ಷಿಯೆಲ್ಲ ಒಂದೇ ಊರಿನದಾಗಿರಬೇಕು, ಗಸಿಯೊಡನೆ ಮೊದಲು 30 ತಿಂಗಳಿತ್ತು, ಈಗ 36. ಈಚೆಗೆ ಇವಕ್ಕೆಲ್ಲ ಸೆಕ್ಟ್ ಆಸ್ಟ್ರಿಯಾ ಎಂಬ ಒಂದೇ ಹಣೆಪಟ್ಟಿ. ಆ ಎರಡು ಪದ ಬಾಟಲಿಯ ಮೇಲೆ ಕಂಡರೆ ದ್ರಾಕ್ಷಿ ಬೆಳೆದದ್ದೂ ಗುಳ್ಳೆ ಬಂದದ್ದೂ ಆಸ್ಟ್ರಿಯಾದಲ್ಲೇ ಎಂದು ತಿಳಿಯಬಹುದು. ಬರೀ ಸೆಕ್ಟ್ ಎಂದಿದ್ದರೆ ವೈನು ಎಲ್ಲಿಂದಲೋ ಬಂದಿರಬಹುದು.

ನನ್ನನ್ನು ಕೇಳಿದರೆ ರಿಸರ್ವ್ ಸಾಕು. ಸುಮಾರು 20ರಿಂದ 30 ಯೂರೋ ಒಳಗೆ ಸಿಗುತ್ತದೆ, ಹಣ್ಣಿನ ಘಮವೂ ಇರುತ್ತದೆ, ಬನ್ನಿನದೂ ಇರುತ್ತದೆ. ಗ್ರೋಸೆ ರಿಸರ್ವ್ ದೊಡ್ಡ ಸಂಗೀತಗಾರರ ವಿಳಂಬ ಕಾಲದ ಆಲಾಪದ ಜಾತಿ, ಮಹತ್ತರವಾದದ್ದು ಸರಿ, ಆದರೆ ಅಳಿಯನ ಮನೆಯ ಸಂಜೆಗೆ ಅಷ್ಟು ಗಾಂಭೀರ್ಯ ಯಾಕೆ?

"ತೆರಿಗೆ ಎಷ್ಟು ಹಾಕ್ತಾರೆ ಅಲ್ಲಿ?" ಅಕ್ಕನ ಯಜಮಾನರು ವಾಣಿಜ್ಯ ತೆರಿಗೆ ಇಲಾಖೆಯಲ್ಲಿದ್ದವರು. ಆ ಮನೆಯಲ್ಲಿ ಯಾವ ಮಾತೂ ತೆರಿಗೆ ಮುಟ್ಟದೆ ಮುಗಿಯುವುದಿಲ್ಲ.

ಅದೂ ಒಂದು ತಮಾಷೆ. 2014ರಲ್ಲಿ ಆಸ್ಟ್ರಿಯಾ ಸರ್ಕಾರ ಗುಳ್ಳೆ ವೈನಿಗೆ ಲೀಟರಿಗೆ 1 ಯೂರೋ ತೆರಿಗೆ ಹಾಕಿತು. ಒತ್ತಡ ಕಡಿಮೆಯಿರುವ ಇಟಲಿಯ ಫ್ರಿಜಾಂಟೆಗೆ ತೆರಿಗೆಯಿಲ್ಲ. ಜನ ಅದನ್ನೇ ಕೊಂಡರು. ಊರಿನವರಿಗೆ ಪೆಟ್ಟು, ಪಕ್ಕದವರಿಗೆ ಲಾಭ. ಕೊನೆಗೆ 2020ರ ಜುಲೈಯಲ್ಲಿ ತೆರಿಗೆ ತೆಗೆದರು. ಆದರೆ ಜರ್ಮನಿಯವರ ಮುಂದೆ ಇದು ಏನೂ ಅಲ್ಲ. ಅವರ ಸೆಕ್ಟ್ ತೆರಿಗೆ ಬಂದದ್ದು 1902ರಲ್ಲಿ, ಕೈಸರ್ ವಿಲ್ಹೆಲ್ಮ್‌ನ ಯುದ್ಧ ಹಡಗುಗಳಿಗೆ ದುಡ್ಡು ಬೇಕೆಂದು. ಆ ಹಡಗುಗಳನ್ನು 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಕೊಲ್ಲಿಯಲ್ಲಿ ಅವರ ನಾವಿಕರೇ ಮುಳುಗಿಸಿದರು. ತೆರಿಗೆ ಇನ್ನೂ ತೇಲುತ್ತಿದೆ, ಬಾಟಲಿಗೆ 1 ಯೂರೋ 2 ಸೆಂಟು.

"ಇವರಿಗೆ ಹೇಳಿದ್ರೆ ಖುಷಿ ಪಡ್ತಾರೆ," ಎಂದು ಅಕ್ಕ ಒಳಗೆ ಕಣ್ಣು ಹಾಯಿಸಿದರು. "ಒಂದ್ಸಲ ಹಾಕಿದ ತೆರಿಗೆ ತೆಗೀಬಾರದು ಅನ್ನೋ ಪಂಗಡ."

ಯಜಮಾನರ ವಿಷಯ ಬಂದ ಮೇಲೆ ದನಿ ಸ್ವಲ್ಪ ತಗ್ಗಿತು. "ಅಲ್ಲ, ಅವರಿಗೆ ಸಕ್ಕರೆ ಕಾಯಿಲೆ. ಇದರಲ್ಲಿ ಸಕ್ಕರೆ ಎಷ್ಟಿರುತ್ತೆ? ಸುಮ್ನೆ ಕೇಳ್ದೆ."

ಡಾಕ್ಟರನ್ನು ಕೇಳದೆ ಹನಿಯೂ ಬೇಡ ಎಂದು ಮೊದಲೇ ಹೇಳಿದೆ. ಆದರೆ ಬಾಟಲಿಯ ಮೇಲಿನ ಬರಹ ಓದುವುದು ಗೊತ್ತಿರಬೇಕು, ಅದರಷ್ಟು ದಾರಿತಪ್ಪಿಸುವ ಬರಹ ಇನ್ನೊಂದಿಲ್ಲ. ಬ್ರೂಟ್ ನೇಚರ್ ಎಂದರೆ ಲೀಟರಿಗೆ 3 ಗ್ರಾಮಿಗಿಂತ ಕಡಿಮೆ ಸಕ್ಕರೆ, ಮೇಲಿನಿಂದ ಹಾಕಿದ್ದು ಏನೂ ಇಲ್ಲ. ಎಕ್ಸ್‌ಟ್ರಾ ಬ್ರೂಟ್ 6ರ ತನಕ. ಬ್ರೂಟ್ 12ರೊಳಗೆ. ಇಲ್ಲಿಯ ತನಕ ಸರಿ. ಎಕ್ಸ್‌ಟ್ರಾ ಡ್ರೈ ಎಂದರೆ 12ರಿಂದ 17. ಬರೀ ಡ್ರೈ ಎಂದಿದ್ದರೆ 17ರಿಂದ 32. ಸಕ್ಕರೆ ಬೇಡ ಎಂದು ಡ್ರೈ ಹುಡುಕಿ ಕೊಂಡವರು ಕಾಫಿಗೆ ಹಾಕಿಕೊಳ್ಳುವಷ್ಟು ಸಕ್ಕರೆ ಕುಡಿದು ಬರುತ್ತಾರೆ. ಹಿಂದಿನ ಕಾಲದಲ್ಲಿ ಗುಳ್ಳೆ ವೈನನ್ನು ಪಾಯಸದಷ್ಟು ಸಿಹಿ ಮಾಡುತ್ತಿದ್ದರು, ಆ ಲೆಕ್ಕದಲ್ಲಿ 32 ಗ್ರಾಂ ಕಡಿಮೆ ಎನ್ನಿಸಿತ್ತು. ರಿಸರ್ವ್, ಗ್ರೋಸೆ ರಿಸರ್ವ್ ಆದರೆ ಈ ತಾಪತ್ರಯವಿಲ್ಲ, 12 ಗ್ರಾಮಿನ ಗೆರೆ ದಾಟುವಂತಿಲ್ಲ ಎಂದು ನಿಯಮವೇ ಇದೆ. ಬ್ರೂಟ್ ನೇಚರ್ ಈಗಿನ ಫ್ಯಾಷನ್ನು. ನನಗೆ ಅದು ಸ್ವಲ್ಪ ಮೊಂಡು ಅನ್ನಿಸಿತು. ಹುಳಿಗೆ ಒಂದು ಚಿಟಿಕೆ ಸಿಹಿ ಬೇಕು ಎನ್ನುವುದು ಬೆಲ್ಲ ಹಾಕದ ಸಾರು ಕುಡಿಯದ ನನ್ನ ನಾಲಿಗೆಯ ಕಟ್ಟುಪಾಡೂ ಇರಬಹುದು.

"ಅದರ ಜೊತೆ ತಿನ್ನೋಕೆ ಏನು? ಮಾಂಸ ತಾನೆ?"

ಆಸ್ಟ್ರಿಯಾದಲ್ಲಿ ಸಸ್ಯಾಹಾರಿಯಾಗಿರುವುದು ತಪಸ್ಸೇನಲ್ಲ. ಅಣಬೆಗೆ ರೊಟ್ಟಿಪುಡಿ ಹೊದಿಸಿ ಕರಿದದ್ದು ಎಲ್ಲ ಊಟದ ಮನೆಗಳಲ್ಲೂ ಉಂಟು. ಕರಿದದ್ದಕ್ಕೂ ಹುಳಿ ಗುಳ್ಳೆಗೂ ಬಲು ನಂಟು. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಗುಳ್ಳೆ ನಾಲಿಗೆಯನ್ನು ಒರೆಸುತ್ತದೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಾಗುತ್ತದೆ. ಇದು ತಿಳಿದ ದಿನ ಸೂಟ್‌ಕೇಸಿನಲ್ಲಿ ಒಯ್ದಿದ್ದ ಕೋಡುಬಳೆ ಡಬ್ಬಿ ಈಚೆ ತಂದೆ. ಬ್ರೂಟ್ ರಿಸರ್ವ್ ಜೊತೆ ಖಾರದ ಕೋಡುಬಳೆ! ಆ ತೋಟದವರಿಗೂ ಕೊಟ್ಟೆ. ಅವರು ಒಂದು ಕಚ್ಚಿ, ಒಂದು ಗುಟುಕು ಕುಡಿದು, ಇನ್ನೊಂದಕ್ಕೆ ಕೈ ಚಾಚಿದರು. ಸಿಹಿಯ ಜೊತೆ ಮಾತ್ರ ಬೇಡ. ಜುಲೈಯಲ್ಲಿ ಅಲ್ಲಿ ಜರ್ದಾಳು ಹಣ್ಣನ್ನು ಹಿಟ್ಟಿನೊಳಗೆ ಮುಚ್ಚಿ ಬೇಯಿಸಿ ಸಕ್ಕರೆ, ರೊಟ್ಟಿಪುಡಿಯಲ್ಲಿ ಹೊರಳಿಸಿದ ಉಂಡೆ ಮಾಡುತ್ತಾರೆ. ಅದನ್ನು ತಿಂದು ಬ್ರೂಟ್ ಕುಡಿದರೆ ವೈನು ಬರೀ ಹುಣಸೆ ನೀರು.

ಕುಡಿಯುವ ಲೋಟವೂ ಸಿನಿಮಾದಲ್ಲಿ ತೋರಿಸುವ ಉದ್ದನೆ ಕೊಳವೆಯಲ್ಲ. ಅದರಲ್ಲಿ ಗುಳ್ಳೆ ಚೆಂದ ಕಾಣುತ್ತದೆ, ಮೂಗಿಗೆ ಏನೂ ಬರುವುದಿಲ್ಲ. ಹೊಟ್ಟೆ ತುಸು ಅಗಲವಿರುವ ಸಾಮಾನ್ಯ ವೈನ್ ಲೋಟವೇ ಮೇಲು. 8ರಿಂದ 10 ಡಿಗ್ರಿಗೆ ತಣ್ಣಗಿದ್ದರೆ ಸಾಕು. ಇನ್ನು ಬಾಟಲಿ ತೆಗೆಯುವುದು. ಕ್ರಿಕೆಟ್ಟಿನವರು ಕುಲುಕಿ ಚಿಮ್ಮಿಸಿ ಎಲ್ಲರಿಗೂ ಕೆಟ್ಟ ಪಾಠ ಕಲಿಸಿದ್ದಾರೆ. ತಂತಿಯ ಮುಗುದಾಣವನ್ನು ಆರು ಸಲ ತಿರುಗಿಸಿ ಸಡಿಲಿಸಿದ ಗಳಿಗೆಯಿಂದ ಹೆಬ್ಬೆರಳು ಕಾರ್ಕಿನ ಮೇಲಿಂದ ಏಳಬಾರದು. ಬಾಟಲಿ ಓರೆ ಹಿಡಿದು, ಕಾರ್ಕು ಬಿಗಿ ಹಿಡಿದು, ಬಾಟಲಿಯನ್ನು ತಿರುಗಿಸಬೇಕು. 6 ಬಾರ್ ಒತ್ತಡದ ಕಾರ್ಕು ಕಣ್ಣಿಗೆ ಬಿದ್ದು ದೃಷ್ಟಿ ಹೋದವರಿದ್ದಾರೆ.

"ವಿಯೆನ್ನಾ ಅಂದ್ರೆ ಸಂಗೀತ ಅಂತಿದ್ದೆ. ಬರೀ ಕುಡಿಯೋದೇ ಹೇಳ್ತಿದೀಯಲ್ಲ."

ಎರಡೂ ಬೇರೆಯಲ್ಲ. ಯೋಹಾನ್ ಸ್ಟ್ರೌಸ್ ಬರೆದ ಷಾಂಪೇನ್ ಪೋಲ್ಕಾದಲ್ಲಿ ಕಾರ್ಕು ಹಾರುವ ಸದ್ದೇ ಒಂದು ವಾದ್ಯ. 1874ರ ಅವನ ಆಪೆರೆಟಾ 'ಡಿ ಫ್ಲೇಡರ್‌ಮೌಸ್'ನಲ್ಲಿ ಗಂಡ, ಹೆಂಡತಿ, ಕೆಲಸದವಳು ಎಲ್ಲರೂ ವೇಷ ಮರೆಸಿಕೊಂಡು ಒಬ್ಬರಿಗೊಬ್ಬರು ಮೋಸ ಮಾಡಿ, ಕೊನೆಗೆ ತಪ್ಪೆಲ್ಲ ಷಾಂಪೇನಿನದು ಎಂದು ಹಾಡಿ ಪಾರಾಗುತ್ತಾರೆ. ವಿಯೆನ್ನಾದ ಆಪೆರಾ ಮನೆಯಲ್ಲಿ ಡಿಸೆಂಬರ್ 31ರ ರಾತ್ರಿ ಅದನ್ನೇ ಆಡುವುದು ವಾಡಿಕೆ. ಹನ್ನೆರಡು ಹೊಡೆದಾಗ ಸೇಂಟ್ ಸ್ಟೀಫನ್ ಚರ್ಚಿನ ದೊಡ್ಡ ಗಂಟೆ ಮೊಳಗುತ್ತದೆ, ರೇಡಿಯೋದಲ್ಲಿ ನೀಲಿ ಡ್ಯಾನ್ಯೂಬ್ ವಾಲ್ಟ್ಸ್ ಬರುತ್ತದೆ, ಜನ ಬೀದಿಯಲ್ಲೇ ಜೋಡಿ ಕಟ್ಟಿ ಕುಣಿಯುತ್ತಾರೆ, ಕೈಯಲ್ಲಿ ಸೆಕ್ಟ್. ಅದು ಸಾಲದೆಂದು ಸೆಕ್ಟ್‌ಗೇ ಒಂದು ದಿನ ಮಾಡಿಕೊಂಡಿದ್ದಾರೆ, ಅಕ್ಟೋಬರ್ 22.

"ಅಕ್ಟೋಬರ್‌ಗೆ ಅಂದ್ರೆ ನವರಾತ್ರಿ ಆಗುತ್ತೆ," ಎಂದು ಅಕ್ಕ ಲೆಕ್ಕ ಹಾಕಿದರು. "ನಿನ್ನ ಅಳಿಯ ದೀಪಾವಳಿಗೆ ಬರ್ತಾನಲ್ವಾ? ಪೆಟ್ಟಿಗೇಲಿ ತಂದ್ರೆ ವಿಮಾನದಲ್ಲಿ ಸಿಡಿಯುತ್ತಾ?"

"ಇಲ್ಲ ಅಕ್ಕ. ಮೇಲೆ ಹೋದಾಗ ಸಾಮಾನಿನ ಕೋಣೇಲಿ ಒತ್ತಡ ಕಾಲು ಬಾರ್‌ನಷ್ಟು ಕಡಿಮೆ ಆಗಬಹುದು ಅಷ್ಟೆ. 6 ಬಾರ್ ತಡೆಯೋ ಬಾಟಲಿಗೆ ಅದು ಲೆಕ್ಕಕ್ಕೇ ಇಲ್ಲ. ಬಟ್ಟೆ ಸುತ್ತಿದ್ರೆ ಸಾಕು."

"ಕಸ್ಟಮ್ಸ್‌ನೋರು ಎಷ್ಟು ಬಿಡ್ತಾರೆ?"

"ಒಬ್ಬರಿಗೆ 2 ಲೀಟರ್."

"ಬಾಟಲಿಗೆ ಮುಕ್ಕಾಲು ಲೀಟರ್ ಅಂದೆ. ಎರಡು ತಂದ್ರೆ ಒಂದೂವರೆ. ಅರ್ಧ ಲೀಟರ್ ಸುಮ್ನೆ ದಂಡ ಆಯ್ತಲ್ಲೇ. ಚಿಕ್ಕ ಬಾಟಲಿ ಬರಲ್ವಾ?"

"ಬರುತ್ತೆ, 200 ಎಂಎಲ್‌ನದು. ಪಿಕ್ಕೊಲೊ ಅಂತಾರೆ."

ಅಕ್ಕ ಹೂಬುಟ್ಟಿ ಎತ್ತಿಕೊಂಡರು. "ಹಾಗಾದ್ರೆ ಎರಡು ದೊಡ್ಡದು, ಎರಡು ಚಿಕ್ಕದು. 1 ಲೀಟರ್ 900. ದೊಡ್ಡದು ನಿಮಗಿರ್ಲಿ. ಚಿಕ್ಕದು ಗೋಡೆ ಮೇಲಿಂದ ಕೊಟ್ರೆ ಸಾಕು, ಮುಂದಿನ ಬಾಗಿಲಿಂದ ತರಬೇಡ. ಕೋಡುಬಳೆ ನಾನೇ ಮಾಡ್ತೀನಿ, ನಿಂದು ಮೊನ್ನೆ ಗಟ್ಟಿಯಾಗಿತ್ತು."